ಹಳಸುವುದು ಹೆಸರು, ಹಾಸ್ಯವಲ್ಲ

ದೂರದರ್ಶನದ ಹಾಸ್ಯ ಧಾರಾವಾಹಿಗಳ ವಿಚಾರ ಬಂದಾಗಲೆಲ್ಲ ಒಂದು ಉಪದೇಶ ಕೇಳಿಬರುತ್ತದೆ. “ರಾಜಕೀಯ ಬೆರೆಸಬೇಡಿ. ಇಂದಿನ ಮಂತ್ರಿಯ ಮೇಲೆ ಮಾಡಿದ ಚೇಷ್ಟೆ ನಾಳೆಗೆ ಹಳಸುತ್ತದೆ. ಗಂಡಹೆಂಡಿರ ಜಗಳ, ಅತ್ತೆಸೊಸೆಯರ ಮುನಿಸು, ನೆರೆಮನೆಯವನ ಪೆದ್ದುತನ ಇವನ್ನೇ ತೋರಿಸಿ. ಇಪ್ಪತ್ತು ವರ್ಷ ಬಿಟ್ಟು ನೋಡಿದರೂ ಜನ ನಗುತ್ತಾರೆ.” ಈ ಮಾತು ಎಷ್ಟು ಬಾಯಿಗಳಲ್ಲಿ ಓಡಾಡಿದೆಯೆಂದರೆ ಗಾದೆಯೇ ಆಗಿಬಿಟ್ಟಿದೆ. ಆದರೆ ಇದನ್ನು ಹೇಳುವವರು ಯಾರು? ಹೇಳುವುದರಿಂದ ಅವರಿಗೇನು ಲಾಭ? ಇದರಲ್ಲಿ ನಿಜವೆಷ್ಟು, ಬೊಗಳೆಯೆಷ್ಟು? ವಾಚಕರು ತುಸು ತಾಳ್ಮೆಯಿಂದ ವಿಚಾರಿಸಿ ನೋಡಬೇಕು.

ಮೊದಲು ಲಾಭದ ಮಾತು. ಅಂಗಡಿ ಇಟ್ಟವರಿಗೆ ಇದು ಕೂಡಲೇ ತಿಳಿದೀತು. ಅಮೆರಿಕದಲ್ಲಿ ಹಾಸ್ಯ ಧಾರಾವಾಹಿಯನ್ನು ಎರಡು ಸಾರಿ ಮಾರುವ ಪದ್ಧತಿ ಬೆಳೆದುಬಂದಿತು. ಮೊದಲ ಸಾರಿ ದೊಡ್ಡ ಪ್ರಸಾರ ಸಂಸ್ಥೆಗೆ. ಆ ಹಣದಿಂದ ಅನೇಕ ವೇಳೆ ತಯಾರಿಕೆಯ ಖರ್ಚೂ ಹುಟ್ಟುತ್ತಿರಲಿಲ್ಲ. ಕಂತುಗಳು ಸುಮಾರು ನೂರಾದ ಮೇಲೆ ಅದೇ ಸರಕನ್ನು ಊರೂರಿನ ಕೇಂದ್ರಗಳಿಗೆ ಮರುಪ್ರಸಾರಕ್ಕೆಂದು ಮಾರುತ್ತಿದ್ದರು. ನಿಜವಾದ ಲಾಭ ಇದ್ದದ್ದು ಅಲ್ಲಿ. ಆ ಕೇಂದ್ರದವರು ದಿನಕ್ಕೊಂದು ಕಂತಿನಂತೆ ವರ್ಷಗಟ್ಟಲೆ ಹಾಕುವವರು. ಯಾವ ಕಂತನ್ನು ಯಾವ ದಿನ ಹಾಕಿದರೂ ನಡೆಯಬೇಕು, ಯಾವ ಊರಿನಲ್ಲಿ ಹಾಕಿದರೂ ತಕರಾರು ಬರಬಾರದು, ನಡುವೆ ಬರುವ ಸೋಪಿನ ಜಾಹೀರಾತಿಗೆ ಮುಜುಗರವಾಗಬಾರದು. ಹೂವಿನ ವ್ಯಾಪಾರಿ ಸಂಜೆಯೊಳಗೆ ಬುಟ್ಟಿ ಖಾಲಿ ಮಾಡಬೇಕು. ಬೆಲ್ಲದ ಮಂಡಿಯವನಿಗೆ ಆ ಅವಸರವಿಲ್ಲ. ಧಾರಾವಾಹಿಯ ಧಣಿಗಳಿಗೆ ಬೇಕಾದದ್ದು ಬೆಲ್ಲ. ವ್ಯಾಪಾರವೆಂದ ಮೇಲೆ ಆ ಲೆಕ್ಕ ತಪ್ಪಲ್ಲ. ಆದರೆ ಗೋದಾಮಿನ ಲೆಕ್ಕವನ್ನು ತಂದು ಕಲೆಯ ನಿಯಮವೆಂದು ನಮ್ಮ ಮುಂದೆ ಇಡುವುದಿದೆಯಲ್ಲ, ತಕರಾರು ಅದಕ್ಕೆ.

ಈ ಉಪದೇಶಕರು ಕರೆತರುವ ಮುಖ್ಯ ಸಾಕ್ಷಿ ‘ಮರ್ಫಿ ಬ್ರೌನ್’. ಅಮೆರಿಕದ ಸಿ.ಬಿ.ಎಸ್. ಸಂಸ್ಥೆಯಲ್ಲಿ 1988ರ ನವೆಂಬರಿನಿಂದ 1998ರ ಮೇವರೆಗೆ ನಡೆದ ಧಾರಾವಾಹಿ, ಕಂತುಗಳು 247. ವಾಷಿಂಗ್ಟನ್ನಿನ ಒಂದು ವಾರ್ತಾ ಕಾರ್ಯಕ್ರಮದ ಕಚೇರಿಯಲ್ಲಿ ನಡೆಯುವ ಕತೆ. ಮರ್ಫಿಯ ಪಾತ್ರ ವಹಿಸಿದ ಕ್ಯಾಂಡಿಸ್ ಬರ್ಗೆನ್ ಐದು ಸಾರಿ ಎಮಿ ಪ್ರಶಸ್ತಿ ಪಡೆದರು. ವಾರ್ತಾ ಕಚೇರಿಯ ಕತೆಯಾದ್ದರಿಂದ ಅಂದಂದಿನ ಸೆನೆಟರು, ಅಂದಂದಿನ ಹಗರಣ, ಅಂದಂದಿನ ಸುದ್ದಿಗಾರರ ಹೆಸರುಗಳು ಮಾತುಮಾತಿಗೆ ಬರುತ್ತಿದ್ದವು. ಮುಂದೆ ಮರುಪ್ರಸಾರದಲ್ಲಿ ಇದು ತನ್ನ ಕೀರ್ತಿಗೆ ತಕ್ಕಷ್ಟು ಓಡಲಿಲ್ಲವೆಂಬುದು ನಿಜ. ಇಂದು ನೋಡಿದರೆ ಕಾರಣವೂ ಕಾಣುತ್ತದೆ. ಯಾವನೋ ಒಬ್ಬನ ಹೆಸರು ಬರುತ್ತದೆ, ಸ್ಟುಡಿಯೋದಲ್ಲಿ ಕೂತ ಪ್ರೇಕ್ಷಕರು ಗೊಳ್ಳೆಂದು ನಗುತ್ತಾರೆ, ನಮಗೆ ತಳಬುಡ ತಿಳಿಯುವುದಿಲ್ಲ. ಗುರುತಿಲ್ಲದವರ ಮದುವೆಯ ಪಂಕ್ತಿಯಲ್ಲಿ ಕೂತ ಹಾಗೆ.

ಇದನ್ನು ಒಪ್ಪಬೇಕು. ಆದರೆ ಇನ್ನೊಂದು ಸಂಗತಿಯನ್ನು ಈ ಮಹಾಶಯರು ಬಾಯಿಬಿಡುವುದಿಲ್ಲ. ಆ ಧಾರಾವಾಹಿಯಲ್ಲಿ ಪ್ರಸಿದ್ಧ ಹಾಡುಗಳನ್ನು ಧಾರಾಳವಾಗಿ ಬಳಸಿದ್ದರು. ಹಾಡಿನ ಹಕ್ಕುದಾರರಿಗೆ ಹಣ ತೆರದೆ ಕಂತುಗಳನ್ನು ಹೊಸದಾಗಿ ಮಾರುವುದು ಕಷ್ಟ. 2005ರಲ್ಲಿ ಮೊದಲ ವರ್ಷದ ಕಂತುಗಳು ಮಾತ್ರ ಡಿ.ವಿ.ಡಿ.ಯಾಗಿ ಹೊರಬಂದು ಕೆಲಸ ಅಲ್ಲಿಗೇ ನಿಂತಿತು. ಹಾಡಿನ ಬಾಡಿಗೆಯನ್ನೂ ಸೇರಿಸಿ ರಾಜಕೀಯದ ತಲೆಗೆ ಕಟ್ಟಿದರೆ ಲೆಕ್ಕ ಸುಲಭವಾಗುತ್ತದೆ, ಸರಿಯಾಗುವುದಿಲ್ಲ.

ಅದಿರಲಿ, ಅದೇ ಧಾರಾವಾಹಿಯ ಒಂದು ಪ್ರಸಂಗವನ್ನೇ ಎತ್ತಿಕೊಳ್ಳೋಣ. 1992ರ ಮೇ 18ರ ಕಂತಿನಲ್ಲಿ ಮದುವೆಯಾಗದ ಮರ್ಫಿ ಮಗುವನ್ನು ಹೆತ್ತಳು. ಮರುದಿನವೇ ಆ ದೇಶದ ಉಪಾಧ್ಯಕ್ಷ ಡ್ಯಾನ್ ಕ್ವೇಲ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಭಾಷಣ ಮಾಡಿದರು. ಅದಕ್ಕೆ ಮೂರು ವಾರ ಹಿಂದೆ, ರಾಡ್ನಿ ಕಿಂಗ್ ಎಂಬ ಕರಿಯ ಪ್ರಜೆಯನ್ನು ಬಡಿದ ಪೋಲೀಸರು ಖುಲಾಸೆಯಾದರೆಂದು ಲಾಸ್ ಏಂಜಲಿಸ್ ನಗರ ಹೊತ್ತಿ ಉರಿದಿತ್ತು. ಆ ಬೆಂಕಿಗೆ ಮೌಲ್ಯಗಳ ಬಡತನವೇ ಮೂಲವೆಂಬ ಧಾಟಿಯಲ್ಲಿ ಮಾತನಾಡುತ್ತ ಉಪಾಧ್ಯಕ್ಷರು ಈ ಕಟ್ಟುಕತೆಯ ಹೆಂಗಸನ್ನು ಹೆಸರು ಹಿಡಿದು ದೂರಿದರು! ಉರಿದ ಕೇರಿಯಲ್ಲಿ ನೌಕರಿ ಎಷ್ಟಿತ್ತು, ಬಾಡಿಗೆ ಎಷ್ಟಿತ್ತು ಎಂದು ಕೇಳಬೇಕಾದ ಹೊತ್ತಿನಲ್ಲಿ ಇಡೀ ದೇಶ ದೂರದರ್ಶನದ ಒಂದು ಕೂಸಿನ ಬಗ್ಗೆ ಜಗಳಕ್ಕೆ ನಿಂತಿತು.

ಧಾರಾವಾಹಿ ಉತ್ತರ ಕೊಟ್ಟದ್ದು ಸೆಪ್ಟೆಂಬರ್ 21ರಂದು. ಆ ಒಂದು ಕಂತಿನಲ್ಲಿ ಎರಡು ಉತ್ತರಗಳಿದ್ದವು. ಮರ್ಫಿ ತನ್ನ ವಾರ್ತಾ ಕಾರ್ಯಕ್ರಮದಲ್ಲಿ ಬಗೆಬಗೆಯ ಸಂಸಾರಗಳನ್ನು ತಂದು ನಿಲ್ಲಿಸಿ, ಸಂಸಾರವೆಂದರೆ ಒಂದೇ ಅಚ್ಚಿನಲ್ಲಿ ಎರಕವಾದದ್ದಲ್ಲವೆಂದು ತೋರಿಸಿದ್ದು ಒಂದು. ಉಪಾಧ್ಯಕ್ಷರ ಮನೆಯ ಮುಂದೆ ಲಾರಿ ತುಂಬ ಆಲೂಗಡ್ಡೆ ಸುರಿಸಿದ್ದು ಇನ್ನೊಂದು. ಅಂದು ಜನ ಹೊಟ್ಟೆ ಹಿಡಿದು ನಕ್ಕದ್ದು ಆಲೂಗಡ್ಡೆಗೆ. ಏಕೆ? ಆ ವರ್ಷ ಜೂನ್ ತಿಂಗಳಲ್ಲಿ ಟ್ರೆಂಟನ್ ಎಂಬ ಊರಿನ ಶಾಲೆಗೆ ಹೋಗಿದ್ದ ಉಪಾಧ್ಯಕ್ಷರು, ಆಲೂಗಡ್ಡೆಯ ಇಂಗ್ಲಿಷ್ ಶಬ್ದವನ್ನು ಹಲಗೆಯ ಮೇಲೆ ಸರಿಯಾಗಿ ಬರೆದಿದ್ದ ಹುಡುಗನಿಂದ ಅದರ ಕೊನೆಗೆ ಇಲ್ಲದ ಒಂದು ‘ಇ’ ಅಕ್ಷರ ಸೇರಿಸಿಸಿದ್ದರು. (ಶಾಲೆಯಲ್ಲಿ ಪಾಠ ಹೇಳಿದವರು ಬಲ್ಲರು: ತಪ್ಪು ತಿದ್ದುವುದಕ್ಕಿಂತ, ಸರಿಯಿದ್ದದ್ದನ್ನು ದೊಡ್ಡವರು ಕೆಡಿಸಿ ಹೋದಮೇಲೆ ಮತ್ತೆ ಸರಿಪಡಿಸುವುದು ಕಷ್ಟ.) ನೋಡಿ, ಈ ಒಂದು ನಗೆಗೆ ನಾನು ಇಷ್ಟು ವಿವರಣೆ ಕೊಡಬೇಕಾಯಿತು. ಕೊಟ್ಟಮೇಲೂ ಯಾರಾದರೂ ನಕ್ಕಿರೋ ಇಲ್ಲವೋ. ಸಂಸಾರಗಳ ಮಾತಿಗೆ ಯಾವ ವಿವರಣೆಯೂ ಬೇಡ. ಗಂಡ ಬಿಟ್ಟುಹೋದ ಮೇಲೆ ಗಿರಣಿಗೆ ಹೋಗಿ ಮಕ್ಕಳನ್ನು ಸಾಕಿದ ತಾಯಂದಿರು ನಮ್ಮ ಓಣಿಗಳಲ್ಲೂ ಇದ್ದಾರೆ. ಒಂದೇ ಕಂತು, ಒಂದೇ ರಾಜಕೀಯ, ಒಂದೇ ದಿನ ಹುಟ್ಟಿದ ಎರಡು ಮಾತು. ಒಂದು ಕೆಟ್ಟಿತು, ಒಂದು ಉಳಿಯಿತು. ರಾಜಕೀಯವೇ ಹುಳುಕಿನ ಮೂಲವಾಗಿದ್ದರೆ ಎರಡೂ ಕೆಡಬೇಕಿತ್ತಲ್ಲವೆ?

ಇನ್ನು ನಮ್ಮ ಸಾಕ್ಷಿ. 1971ರ ಜನವರಿ 12ರಂದು ಅದೇ ಸಿ.ಬಿ.ಎಸ್.ನಲ್ಲಿ ‘ಆಲ್ ಇನ್ ದಿ ಫ್ಯಾಮಿಲಿ’ ಮೊದಲಾಯಿತು. ತಯಾರಿಸಿದವರು ನಾರ್ಮನ್ ಲಿಯರ್. ಮೂಲ ಇಂಗ್ಲೆಂಡಿನದು; ಜಾನಿ ಸ್ಪೈಟ್ ಬರೆದ ‘ಟಿಲ್ ಡೆತ್ ಅಸ್ ಡು ಪಾರ್ಟ್’. ಕತೆಯ ಯಜಮಾನ ಆರ್ಚಿ ಬಂಕರ್ ಗಿರಣಿ ಮಾಲೀಕನಲ್ಲ, ಸಾಮಾನು ಏರಿಸಿ ಇಳಿಸುವ ಕಟ್ಟೆಯ ಮೇಸ್ತ್ರಿ. ಕರಿಯರನ್ನು ಕಂಡರಾಗದು, ಯೆಹೂದ್ಯರನ್ನು ಕಂಡರಾಗದು, ಹೆಂಗಸರು ಎದುರು ಮಾತಾಡಿದರಾಗದು. ಮನೆಯಲ್ಲೇ ಇದ್ದುಕೊಂಡು ಓದುವ ಅಳಿಯ ಮೈಕನೊಂದಿಗೆ ದಿನವೂ ಯುದ್ಧ. ನಿಕ್ಸನ್, ವಿಯೆಟ್ನಾಂ, ವಾಟರ್‌ಗೇಟ್ ಎಲ್ಲ ಹೆಸರು ಹಿಡಿದೇ ಬರುತ್ತವೆ. ದುಡಿಯುವ ಮನುಷ್ಯನ ಹೊಟ್ಟೆಯುರಿ ಮೇಲಿನವನ ಕಡೆ ಹೋಗದೆ ಪಕ್ಕದವನ ಮೇಲೆ ಹೇಗೆ ತಿರುಗುತ್ತದೆ ಎಂಬುದನ್ನು ಇಷ್ಟು ಚೆನ್ನಾಗಿ ತೋರಿಸಿದ ಹಾಸ್ಯ ಅಪರೂಪ. 1974ರಲ್ಲಿ ಬೆಲೆಯೇರಿಕೆ ಮತ್ತು ಮುಷ್ಕರವನ್ನೇ ವಸ್ತುವಾಗಿಟ್ಟು ನಾಲ್ಕು ಕಂತುಗಳು ಬಂದವು. ಐದು ವರ್ಷ ಸತತವಾಗಿ ಆ ದೇಶದಲ್ಲಿ ಅತಿ ಹೆಚ್ಚು ಜನ ನೋಡಿದ ಧಾರಾವಾಹಿ ಇದು. ಅಧ್ಯಕ್ಷ ನಿಕ್ಸನ್ 1971ರಲ್ಲಿ ತಮ್ಮ ಕೊಠಡಿಯಲ್ಲಿ ಕೂತು ಇದರ ಮೇಲೆ ಗೊಣಗಿದ್ದು ಅವರದೇ ಧ್ವನಿಸುರುಳಿಗಳಲ್ಲಿ ದಾಖಲಾಗಿದೆ.

ಇದರಲ್ಲಿ 1976ರ ಕ್ರಿಸ್‌ಮಸ್ ದಿನ ಬಂದ ಕಂತೊಂದಿದೆ. ವಿಯೆಟ್ನಾಂ ಯುದ್ಧಕ್ಕೆ ಹೋಗಲೊಲ್ಲೆನೆಂದು ಕಡ್ಡಾಯ ಸೈನ್ಯಭರ್ತಿಯಿಂದ ತಪ್ಪಿಸಿಕೊಂಡು ಕೆನಡಾಕ್ಕೆ ಓಡಿಹೋಗಿದ್ದ ಡೇವಿಡ್ ಎಂಬ ತರುಣ, ಗೆಳೆಯ ಮೈಕನನ್ನು ನೋಡಲು ಬಂದಿದ್ದಾನೆ. ಹಬ್ಬದ ಊಟಕ್ಕೆ ಆರ್ಚಿ ಕರೆದಿರುವುದು ತನ್ನ ಹಳೆಯ ಸ್ನೇಹಿತ ಪಿಂಕಿಯನ್ನು. ಪಿಂಕಿಯ ಮಗ ಅದೇ ಯುದ್ಧದಲ್ಲಿ ಸತ್ತಿದ್ದಾನೆ. ಊಟದ ನಡುವೆ ಗುಟ್ಟು ರಟ್ಟಾಗುತ್ತದೆ. ಆರ್ಚಿ ಕೆಂಡವಾಗುತ್ತಾನೆ, ಇಂಥವನೊಂದಿಗೆ ಕೂತು ಉಣ್ಣುವುದೆ? ಆಗ ಎದ್ದು ಮಾತಾಡುವವನು ಮಗನನ್ನು ಕಳೆದುಕೊಂಡ ಪಿಂಕಿ. ತನ್ನ ಮಗನೂ ಆ ಯುದ್ಧವನ್ನು ದ್ವೇಷಿಸಿದ್ದ, ಬದುಕಿದ್ದರೆ ಇವನ ಜೊತೆ ಊಟಕ್ಕೆ ಕೂರುತ್ತಿದ್ದ, ತಾನೂ ಕೂರುತ್ತೇನೆ ಎನ್ನುತ್ತಾನೆ. ಆರ್ಚಿಗೆ ಒಪ್ಪಲೂ ಆಗದು, ಹೇಳಲು ಮಾತೂ ಇಲ್ಲ.

ಈ ಕಂತು ಬಂದು ಒಂದು ತಿಂಗಳೂ ತುಂಬಿರಲಿಲ್ಲ. 1977ರ ಜನವರಿ 21ರಂದು ಹೊಸ ಅಧ್ಯಕ್ಷ ಕಾರ್ಟರ್ ಇಂಥ ತರುಣರಿಗೆ ಕ್ಷಮಾದಾನ ಕೊಟ್ಟರು. ಅಂದರೆ ಆ ವಾರದ ರಾಜಕೀಯ ಪ್ರಶ್ನೆ ತಿಂಗಳೊಳಗೆ ಸತ್ತುಹೋಯಿತು. ಉಪದೇಶಕರ ಗಾದೆಯ ಪ್ರಕಾರ ಕಂತೂ ಅದರೊಂದಿಗೆ ಸಾಯಬೇಕು. ಸತ್ತಿತೆ? 2019ರ ಡಿಸೆಂಬರಿನಲ್ಲಿ, 43 ವರ್ಷಗಳ ತರುವಾಯ, ಎ.ಬಿ.ಸಿ. ಸಂಸ್ಥೆ ಇದೇ ಕಂತನ್ನು ಹಳೆಯ ಬರಹದಿಂದಲೇ ಹೊಸ ನಟರಿಂದ ನೇರ ಪ್ರಸಾರದಲ್ಲಿ ಆಡಿಸಿತು. ಆರ್ಚಿಯಾಗಿ ಕೂತವರು ವುಡಿ ಹ್ಯಾರೆಲ್ಸನ್. ಆಡಿಸಿದ್ದು ವ್ಯಾಪಾರದ ಸಂಸ್ಥೆಯೇ, ಧರ್ಮಛತ್ರವಲ್ಲ! ಸಾವಿರ ಹಾಸ್ಯಗಳು ಗೋದಾಮಿನಲ್ಲಿ ಬಿದ್ದಿರುವಾಗ ಇದನ್ನೇ ಏಕೆ ತೆಗೆದರು? ಕ್ಷಮಾದಾನದ ಪ್ರಶ್ನೆ ತೀರಿತು, ಆದರೆ ಮಗ ಸತ್ತ ತಂದೆಯೂ ಬದುಕಿ ಬಂದ ಹುಡುಗನೂ ಒಂದೇ ಮೇಜಿನ ಮುಂದೆ ಕೂರಬೇಕಾದ ಪ್ರಶ್ನೆ ತೀರಲಿಲ್ಲ. ಯುದ್ಧಕ್ಕೆ ಯಾರ ಮಕ್ಕಳು ಹೋಗುತ್ತಾರೆ ಎಂಬುದು ಆ ಕಂತಿನೊಳಗಿನ ಸುದ್ದಿ. ಅದು ಹಳೆಯದಾಗಲು ಯುದ್ಧಗಳು ನಿಲ್ಲಬೇಕು.

ಇಲ್ಲಿಗೆ ಬಂದಮೇಲೆ ಜಾಣರಾದ ಎದುರಾಳಿಗಳು ಇನ್ನೊಂದು ಹೆಸರು ತೆಗೆಯುತ್ತಾರೆ: ಬಿ.ಬಿ.ಸಿ.ಯ ‘ಯೆಸ್ ಮಿನಿಸ್ಟರ್’. ಆಂಟನಿ ಜೇ, ಜಾನಥನ್ ಲಿನ್ ಇಬ್ಬರೂ ಬರೆದದ್ದು. 1980ರ ಫೆಬ್ರವರಿಯಲ್ಲಿ ಮೊದಲಾಗಿ, ‘ಯೆಸ್, ಪ್ರೈಮ್ ಮಿನಿಸ್ಟರ್’ ಎಂಬ ಮುಂದಿನ ಭಾಗವೂ ಸೇರಿ 1988ರವರೆಗೆ ಬಂದ ಕಂತುಗಳು 38. ಮಂತ್ರಿ ಜಿಮ್ ಹ್ಯಾಕರ್ ಯಾವ ಪಕ್ಷದವನೆಂದು ಎಲ್ಲಿಯೂ ಹೇಳುವುದಿಲ್ಲ. ಅವನ ಇಲಾಖೆಯೇ ಕಲ್ಪಿತ. ಅವನನ್ನು ಮಾತಿನ ಬಲೆಯಲ್ಲಿ ಸುತ್ತಿ ಕೂರಿಸುವ ಕಾರ್ಯದರ್ಶಿ ಸರ್ ಹಂಫ್ರಿ ಇಂದಿಗೂ ಹಳಬನಾಗಿಲ್ಲ. 2001ರಲ್ಲಿ ಫಾರೂಖ್ ಶೇಖ್ ನಟಿಸಿ ‘ಜೀ ಮಂತ್ರೀಜೀ’ ಎಂದು ಹಿಂದಿಯಲ್ಲಿ ತೆಗೆದಾಗ ದಿಲ್ಲಿಗೂ ಹೊಂದಿಕೊಂಡಿತು. “ನೋಡಿ, ರಾಜಕೀಯ ಬಿಟ್ಟದ್ದರಿಂದ ಉಳಿಯಿತು” ಎನ್ನುತ್ತಾರೆ.

ರಾಜಕೀಯ ಬಿಟ್ಟರೆ? ಆ ಬರಹಗಾರರು ಸಚಿವರಾಗಿದ್ದ ಕ್ರಾಸ್‌ಮನ್ನರ ದಿನಚರಿಯನ್ನು ಜಾಲಾಡಿದವರು. ಪ್ರಧಾನಿ ಹೆರಾಲ್ಡ್ ವಿಲ್ಸನ್ನರ ಕಚೇರಿಯಲ್ಲಿ ಕೆಲಸ ಮಾಡಿದವರಿಂದ ಒಳಗಿನ ಕತೆ ಕೇಳಿ ಬರೆದವರು. ಮೊದಲ ಕಂತು 1979ರಲ್ಲೇ ಸಿದ್ಧವಾಗಿದ್ದರೂ ಆ ವರ್ಷದ ಚುನಾವಣೆಗೆ ತಾಗೀತೆಂದು ಬಿ.ಬಿ.ಸಿ. ಅದನ್ನು ತಡೆದಿಟ್ಟಿತು. ರಾಜಕೀಯವಿಲ್ಲದ ಹಾಸ್ಯಕ್ಕೆ ಚುನಾವಣೆಯ ಭಯ ಎಲ್ಲಿಂದ ಬಂತು? ಅವರು ಬಿಟ್ಟದ್ದು ಹೆಸರನ್ನು, ಪಕ್ಷದ ಬಾವುಟವನ್ನು. ಕಡತ ಹೇಗೆ ಮಲಗುತ್ತದೆ, ಸಮಿತಿ ಏಕೆ ನೇಮಕವಾಗುತ್ತದೆ ಎಂಬುದನ್ನು ಬಿಡಲಿಲ್ಲ. ತಾಲ್ಲೂಕು ಕಚೇರಿಯ ಮೆಟ್ಟಿಲು ಸವೆಸಿದ ಯಾರಿಗೂ ಅದು ಅರ್ಥವಾಗುತ್ತದೆ.

ಆದರೆ ಹೆಸರು ಬಿಟ್ಟದ್ದಕ್ಕೂ ಒಂದು ಬೆಲೆಯುಂಟು. 1981ರ ಒಂದು ಕಂತಿನಲ್ಲಿ ಹೊಸ ಆಸ್ಪತ್ರೆಯೊಂದು ಬರುತ್ತದೆ: ನೂರಾರು ನೌಕರರು, ಒಬ್ಬ ರೋಗಿಯೂ ಇಲ್ಲ, ಮೇಲಾಗಿ ಒಳ್ಳೆಯ ಆಡಳಿತವೆಂದು ಮನ್ನಣೆ ಬೇರೆ. ನಕ್ಕು ಸುಸ್ತಾಗುವಂಥದು. ಇದೇ ಧಾರಾವಾಹಿಯನ್ನು ಅತ್ಯಂತ ಮೆಚ್ಚಿದವರಲ್ಲಿ ಒಬ್ಬರು ಪ್ರಧಾನಿ ಥ್ಯಾಚರ್. 1984ರ ಜನವರಿಯಲ್ಲಿ ಇದರ ಧಾಟಿಯ ಒಂದು ಪುಟ್ಟ ಪ್ರಹಸನದಲ್ಲಿ ಇಬ್ಬರು ನಟರನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು ತಾವೇ ಅಭಿನಯಿಸಿದರು. ಅದೇ ವರ್ಷದ ಮಾರ್ಚಿಯಲ್ಲಿ ಅವರ ಸರಕಾರಕ್ಕೂ ಕಲ್ಲಿದ್ದಲು ಗಣಿ ಕೆಲಸಗಾರರಿಗೂ ವರ್ಷಪೂರ್ತಿಯ ಹೋರಾಟ ಹತ್ತಿತು. ಎಲ್ಲ ಸರಕಾರಿ ಕಚೇರಿಯೂ ದಂಡ, ಎಲ್ಲ ನೌಕರನೂ ದಂಡಪಿಂಡ ಎಂಬ ನಗೆ, ಆಸ್ಪತ್ರೆಗೆ ಬೀಗ ಹಾಕಬೇಕೆನ್ನುವವನಿಗೂ ಸಿಹಿಯಾಗಿರುತ್ತದೆ. ಧಾರಾವಾಹಿ ಶ್ರೇಷ್ಠವಲ್ಲವೆಂದು ನಾನು ಹೇಳುತ್ತಿಲ್ಲ; ಬ್ಯಾಂಕಿನ ಧಣಿಗಳನ್ನೂ ಅದು ಬಿಟ್ಟಿಲ್ಲ. ಯಾರಿಗೂ ನೋಯದೆ ಉಳಿಯುವುದು ಬೇರೆ, ನೋಯಬೇಕಾದವರಿಗೆ ನೋಯಿಸಿ ಉಳಿಯುವುದು ಬೇರೆ ಎಂದಷ್ಟೇ ಹೇಳುತ್ತಿದ್ದೇನೆ. ಆರ್ಚಿಯ ಊಟದ ಮೇಜು ಎರಡನೆಯ ಬಗೆಯದು.

ನಮ್ಮ ದೇಶದ ಉದಾಹರಣೆಗೆ ದೂರ ಹೋಗಬೇಕಿಲ್ಲ. 1989ರಲ್ಲಿ ಜಸ್ಪಾಲ್ ಭಟ್ಟಿ ದೂರದರ್ಶನಕ್ಕಾಗಿ ‘ಫ್ಲಾಪ್ ಷೋ’ ಮಾಡಿದರು. ಹತ್ತೇ ಕಂತು. ಹಿಂದಿ ಬಾರದವರೂ ಊರ ನಾಲ್ಕು ಜನರ ಮನೆಯ ಪೆಟ್ಟಿಗೆಯ ಮುಂದೆ ಕೂತು ನಕ್ಕದ್ದುಂಟು. ಸುಳ್ಳು ವೈದ್ಯಕೀಯ ಬಿಲ್ಲು, ಗುತ್ತಿಗೆದಾರನೂ ಇಂಜಿನಿಯರೂ ಕೂಡಿ ನುಂಗಿದ ಸಿಮೆಂಟು, ಪಿಎಚ್.ಡಿ. ವಿದ್ಯಾರ್ಥಿಯಿಂದ ಮನೆಗೆಲಸ ಮಾಡಿಸುವ ಗುರು, ಸತ್ತ ಟೆಲಿಫೋನು. ಮತ್ತು ಪ್ರತಿ ಕಂತೂ ಆಯಾ ಮಹನೀಯರಿಗೇ ಅರ್ಪಣೆ! ಇವುಗಳಲ್ಲಿ ಟೆಲಿಫೋನಿನ ಕಂತು ಇಂದಿನ ಹುಡುಗರಿಗೆ ಹತ್ತುವುದಿಲ್ಲ. ಒಂದು ತಂತಿಗಾಗಿ ವರ್ಷಗಟ್ಟಲೆ ಕಾದ ಕಾಲವನ್ನು ಅವರು ಕಂಡಿಲ್ಲ. ಅದು ಹಳೆಯದಾದದ್ದು ಸಂತೋಷದ ಸಂಗತಿ; ಕಷ್ಟ ಹೋದದ್ದರಿಂದ ನಗೆ ಹೋಯಿತು. ಗುತ್ತಿಗೆದಾರನ ಕಂತಿಗೆ ಇನ್ನೂ ಟಿಪ್ಪಣಿ ಬೇಕಾಗಿಲ್ಲ. ಮಳೆಗಾಲ ಮುಗಿದ ಮೇಲೆ ನಿಮ್ಮ ಬೀದಿಯ ಡಾಂಬರು ನೋಡಿಕೊಳ್ಳಿ.

ನಾಟಕದವರಿಗೆ ಈ ತೊಡಕೇ ಇರಲಿಲ್ಲ. 2019ರಲ್ಲಿ ತೀರಿಕೊಂಡ ಮಾಸ್ಟರ್ ಹಿರಣ್ಣಯ್ಯನವರು ‘ಲಂಚಾವತಾರ’ವನ್ನು ದಶಕಗಟ್ಟಲೆ ಆಡಿದರು. ಬೆಳಿಗ್ಗೆ ಪತ್ರಿಕೆಯಲ್ಲಿ ಬಂದದ್ದು ರಾತ್ರಿ ರಂಗದ ಮೇಲೆ ಮಾತಾಗುತ್ತಿತ್ತು. ಮಂತ್ರಿ ಬದಲಾದರೆ ಹೆಸರು ಬದಲಾಯಿತು, ಲಂಚ ಹಾಗೇ ನಿಂತಿತು, ನಾಟಕವೂ ನಿಂತಿತು. ದೂರದರ್ಶನದಲ್ಲಿ ಒಮ್ಮೆ ಅಚ್ಚಾದ ಹೆಸರನ್ನು ಅಳಿಸಿ ಬರೆಯಲಾಗದು. ಆದ್ದರಿಂದಲೇ ಅಲ್ಲಿ ಬರೆಯುವವನು ಹೆಚ್ಚು ಎಚ್ಚರವಿರಬೇಕು. ಆದರೆ ಎಚ್ಚರವೆಂದರೆ ಬಾಯಿ ಹೊಲಿದುಕೊಳ್ಳುವುದಲ್ಲ. ನಮ್ಮ ಕನ್ನಡ ವಾಹಿನಿಗಳಲ್ಲಿ ಪುಢಾರಿಯ ದನಿ, ನಡಿಗೆ, ಶಲ್ಯ, ಹಳ್ಳಿಯ ಉಚ್ಚಾರ ಇವನ್ನು ಅಣಕಿಸಿ ರಾಜಕೀಯ ಹಾಸ್ಯ ಮಾಡಿದೆವೆಂದು ಬೀಗುವವರಿದ್ದಾರೆ. ಆ ಪುಢಾರಿ ಯಾವ ಕಾನೂನು ಮಾಡಿದ, ಅದರಿಂದ ಯಾರ ಕೆಲಸ ಹೋಯಿತು, ಯಾರ ಅಂಗಡಿಗೆ ಬಾಗಿಲು ಬಿತ್ತು ಎಂಬುದು ಬರುವುದೇ ಇಲ್ಲ. ಪುಢಾರಿಯೂ ಮನೆಯಲ್ಲಿ ಕೂತು ನಗುತ್ತಾನೆ. ಇದು ಮುಂದಿನ ಚುನಾವಣೆಗೆ ಹಳಸಿದರೆ ರಾಜಕೀಯ ಬೆರೆತದ್ದರಿಂದಲ್ಲ, ಬೆರೆಯದೆ ಇದ್ದದ್ದರಿಂದ.

ಕಡೆಗೆ ಒಂದು ಮಾತು ಕೇಳಲೇಬೇಕು. ವಾರದ ಸುದ್ದಿಯ ಮೇಲೆ ಮಾಡಿದ ಹಾಸ್ಯ ತಾನಾಗಿಯೇ ಕೆಟ್ಟುಹೋಗುವ ಸರಕಾದರೆ ಅದನ್ನು ಅಷ್ಟು ಅವಸರದಿಂದ ಹೊರಗೆ ಎಸೆಯುವುದೇಕೆ? 1962ರ ನವೆಂಬರಿನಲ್ಲಿ ಬಿ.ಬಿ.ಸಿ. ‘ದಟ್ ವಾಸ್ ದಿ ವೀಕ್ ದಟ್ ವಾಸ್’ ಆರಂಭಿಸಿತು. ಹೆಸರೇ ಹೇಳುವಂತೆ ಆ ವಾರದ ಗೇಲಿ. ಮರುವರ್ಷದ ಡಿಸೆಂಬರಿನಲ್ಲಿ ಅದನ್ನು ನಿಲ್ಲಿಸಿದರು. ಕೊಟ್ಟ ಕಾರಣ, 1964 ಚುನಾವಣೆಯ ವರ್ಷ. ಅಮೆರಿಕದಲ್ಲಿ ಸ್ಮದರ್ಸ್ ಸಹೋದರರು 1967ರಲ್ಲಿ ಪೀಟ್ ಸೀಗರ್ ಎಂಬ ಗಾಯಕರಿಂದ ಯುದ್ಧವಿರೋಧದ ಹಾಡು ಹಾಡಿಸಿದರು. ಸಿ.ಬಿ.ಎಸ್. ಅದನ್ನು ಕತ್ತರಿಸಿತು. ಅವರು ಪಟ್ಟುಹಿಡಿದು ಮರುವರ್ಷ ಅದೇ ಹಾಡನ್ನು ಹಾಡಿಸಿದರು. 1969ರ ಏಪ್ರಿಲಿನಲ್ಲಿ ಸಂಸ್ಥೆ ಕಾರ್ಯಕ್ರಮವನ್ನೇ ರದ್ದು ಮಾಡಿತು. ಅವರು ದಾವೆ ಹೂಡಿದರು. ಒಪ್ಪಂದ ಮುರಿದದ್ದಕ್ಕೆ ಪರಿಹಾರ ಕೊಡಬೇಕೆಂದು 1973ರಲ್ಲಿ ತೀರ್ಪಾಯಿತು. ಹಣ ಬಂತು, ಕಾರ್ಯಕ್ರಮ ಮಾತ್ರ ಆ ಸಂಸ್ಥೆಯಲ್ಲಿ ಮತ್ತೆ ನಡೆದದ್ದು 1988ರಲ್ಲಿ, ಆ ಯುದ್ಧ ಮುಗಿದು ಹದಿಮೂರು ವರ್ಷವಾದ ಮೇಲೆ.